ಪೆಟ್ರೋಲು ಎಲ್ಲಿಡುವುದು?

ಸುಮಾರು ನೂರು ವರ್ಷಗಳ ಹಿಂದೆ ಅಮೆರಿಕದ ಗುಡ್ಡಗಾಡು ರಸ್ತೆಗಳಲ್ಲಿ ಒಂದು ವಿಚಿತ್ರ ನೋಟ ಕಾಣಸಿಗುತ್ತಿತ್ತು. ಫೋರ್ಡ್ ಕಾರೊಂದು ಕಡಿದಾದ ಏರಿನ ಬುಡಕ್ಕೆ ಬಂದು ನಿಲ್ಲುತ್ತಿತ್ತು. ಚಾಲಕ ಅದನ್ನು ಹಿಂದುಮುಂದು ತಿರುಗಿಸಿ, ರಿವರ್ಸ್ ಗೇರಿನಲ್ಲಿ ಬೆನ್ನು ಮುಂದಾಗಿ ಗುಡ್ಡ ಹತ್ತಿಸುತ್ತಿದ್ದ. ಅದು ಹುಡುಗಾಟಿಕೆಯಲ್ಲ. 1908ರಿಂದ 1927ರವರೆಗೆ ಒಂದೂವರೆ ಕೋಟಿ ಸಂಖ್ಯೆಯಲ್ಲಿ ತಯಾರಾದ 'ಮಾಡೆಲ್ ಟಿ' ಕಾರಿಗೆ ಪೆಟ್ರೋಲು ಪಂಪೇ ಇರಲಿಲ್ಲ. ಬಹುಪಾಲು ಕಾರುಗಳಲ್ಲಿ ಸುಮಾರು 38 ಲೀಟರಿನ ಟ್ಯಾಂಕು ಮುಂದಿನ ಸೀಟಿನ ಕೆಳಗಿರುತ್ತಿತ್ತು. ಅಲ್ಲಿಂದ ಎಂಜಿನ್ನಿನ ಪಕ್ಕದ ಕಾರ್ಬುರೇಟರಿಗೆ ಪೆಟ್ರೋಲು ತನ್ನ ಭಾರದಿಂದಲೇ ಹರಿದು ಬರಬೇಕು. ಐದಡಿಗೆ ಒಂದಡಿ ಏರುವ ರಸ್ತೆಯಲ್ಲಿ ಕಾರಿನ ಮೂತಿ ಪ್ರತಿ ಮೀಟರಿಗೆ 20 ಸೆಂಟಿಮೀಟರ್ ಮೇಲೇಳುತ್ತದೆ. ಟ್ಯಾಂಕಿನಲ್ಲಿ ಪೆಟ್ರೋಲು ಕಮ್ಮಿಯಿದ್ದರೆ ಕಾರ್ಬುರೇಟರೇ ಅದಕ್ಕಿಂತ ಎತ್ತರದಲ್ಲಿ ಕೂತುಬಿಡುತ್ತದೆ. ಎಂಜಿನ್ನು ಕೆಮ್ಮಿ ನಿಲ್ಲುತ್ತದೆ. ತಿರುಗಿಸಿ ನಿಲ್ಲಿಸಿದರೆ ಎಂಜಿನ್ನು ಕೆಳಗೆ, ಟ್ಯಾಂಕು ಮೇಲೆ, ಸಮಸ್ಯೆ ಮುಗಿಯಿತು. ಆ ಕಾರಿನ ರಿವರ್ಸ್ ಗೇರಿಗೆ ಎಳೆಯುವ ಶಕ್ತಿಯೂ ಹೆಚ್ಚಿತ್ತೆನ್ನಿ.

ಹಳೆಯ ಚೇತಕ್ ಸ್ಕೂಟರ್ ಓಡಿಸಿದ ಅಪ್ಪಂದಿರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪೆಟ್ರೋಲು ತಳ ಕಂಡಾಗ ಸ್ಕೂಟರನ್ನು ಒಂದು ಮಗ್ಗುಲಿಗೆ ವಾಲಿಸಿ, ಎಬ್ಬಿಸಿ, ಕಿಕ್ ಹೊಡೆಯುತ್ತಿದ್ದುದು ಅದೇ ಗುರುತ್ವಾಕರ್ಷಣೆಯ ಸೇವೆಗಾಗಿ. (ಈಗಿನ ಚೇತಕ್ ಬ್ಯಾಟರಿಯದು. ಅದಕ್ಕೆ ಟ್ಯಾಂಕಿನ ಗೋಜೇ ಇಲ್ಲ.)

ಮುಂದೆ 1928ರಿಂದ 1931ರವರೆಗೆ ಬಂದ 'ಮಾಡೆಲ್ ಎ' ಕಾರಿನಲ್ಲಿ ಫೋರ್ಡ್ ಎಂಜಿನಿಯರುಗಳು ಜಾಣ ಉಪಾಯ ಮಾಡಿದರು. ಟ್ಯಾಂಕನ್ನು ಸೀಟಿನ ಕೆಳಗಿಂದ ಎತ್ತಿ ಎಂಜಿನ್ನಿಗೂ ಡ್ಯಾಶ್‌ಬೋರ್ಡಿಗೂ ನಡುವೆ ಎತ್ತರದಲ್ಲಿ ಕೂರಿಸಿದರು. ಬಾನೆಟ್ ಮುಗಿದು ಮುಂದಿನ ಗಾಜು ಶುರುವಾಗುವವರೆಗಿನ ಮೈಭಾಗ ಇದೆಯಲ್ಲ, ಅಲ್ಲಿ ಹೊರಗೆ ಕಾಣುವ ತಗಡೇ ಟ್ಯಾಂಕಿನ ಮೇಲ್ಮೈ. ಬೇರೆ ಮುಚ್ಚಳವಿಲ್ಲ. ಪೆಟ್ರೋಲು ತುಂಬುವ ಬಿರಡೆ ಗಾಜಿನ ಮುಂದೆಯೇ ಎದ್ದು ನಿಂತಿರುತ್ತಿತ್ತು. ಎಷ್ಟು ಉಳಿದಿದೆಯೆಂದು ತೋರಿಸಲು ಟ್ಯಾಂಕಿನೊಳಗೆ ತೇಲುವ ಬೆಂಡು ಸಾಕು, ವಿದ್ಯುತ್ ತಂತಿಯೂ ಬೇಡ. ಖರ್ಚು ಕಮ್ಮಿ, ಏರಿನಲ್ಲೂ ತೊಂದರೆಯಿಲ್ಲ. ಬೆಲೆ ಬಿಗಿಯಾಗಿರಬೇಕಾದ ಕಾರಿಗೆ ಇದಕ್ಕಿಂತ ಚೊಕ್ಕ ವಿನ್ಯಾಸ ಕಷ್ಟ. ಒಂದೇ ತಕರಾರು: ಕಾರಿನಲ್ಲಿ ಕೂತವರ ಮೊಣಕಾಲಿನ ಮೇಲೆ ಸುಮಾರು 28 ಕಿಲೋ ಪೆಟ್ರೋಲು ತೂಗುತ್ತಿರುತ್ತಿತ್ತು!

1932ರಲ್ಲಿ ಫೋರ್ಡ್ ಕಂಪನಿ ಅಗ್ಗದ ಕಾರಿಗೂ ಎಂಟು ಸಿಲಿಂಡರಿನ 'ವಿ-8' ಎಂಜಿನ್ ಕೊಟ್ಟಿತು. ಜೊತೆಗೆ ಪೆಟ್ರೋಲು ಎಳೆದುಕೊಳ್ಳುವ ಪಂಪೂ ಬಂತು. ಪಂಪು ಬಂದ ಮೇಲೆ ಎತ್ತರದ ಹಂಗು ತಪ್ಪಿತು. ಟ್ಯಾಂಕು ಕಾರಿನ ಹಿಂತುದಿಗೆ, ಚಾಸಿಸ್ಸಿನ ಎರಡು ಕಂಬಿಗಳ ನಡುವೆ ಹೋಯಿತು. ಅದರ ಬೆನ್ನು ಹೊರಗೆ ಕಾಣುತ್ತದೆ, ಅದೂ ಅಂದವಾಗಿಯೇ ಕಾಣುತ್ತದೆ.

ಈ ಮೂರು ಕಾರುಗಳ ಕಥೆ ಹೇಳಿದ್ದಕ್ಕೆ ಕಾರಣವಿದೆ. ಇವು ಹಳತಾಗಿ ಗುಜರಿ ಬೆಲೆಗೆ ಇಳಿದಾಗ ಕೊಂಡವರು ಕ್ಯಾಲಿಫೋರ್ನಿಯಾದ ಹುಡುಗರು. ಮಡ್‌ಗಾರ್ಡು ಕಿತ್ತು, ಚಾವಣಿ ಕತ್ತರಿಸಿ ತಗ್ಗಿಸಿ, ಹಗುರ ಮಾಡಿ, ಹಳೆಯ ಮೈಯೊಳಗೆ ಹೊಸ ವಿ-8 ಎಂಜಿನ್ ಇಳಿಸಿ ಮೊಹಾವಿ ಮರುಭೂಮಿಯ ಒಣಗಿದ ಸರೋವರಗಳ ಮೇಲೆ ಓಡಿಸುತ್ತಿದ್ದರು. ಮ್ಯೂರಾಕ್, ಎಲ್ ಮಿರಾಜ್ ಎಂಬ ಆ ಬಯಲುಗಳಲ್ಲಿ ವೇಗ ಅಳೆಯುವ ಓಟಗಳನ್ನು ಕ್ರಮಬದ್ಧವಾಗಿ ನಡೆಸಲು 1937ರಲ್ಲಿ ಅವರದೇ ಕ್ಲಬ್ಬುಗಳು ಸೇರಿ ಒಂದು ಸಂಘವನ್ನೂ ಕಟ್ಟಿಕೊಂಡವು. ಇಂಥ ಕಾರಿಗೆ 'ಹಾಟ್ ರಾಡ್' ಎಂಬ ಹೆಸರು ನಿಂತಿತು. ಊರೊಳಗಿನ ರಸ್ತೆಗಳಲ್ಲೂ ಪಂದ್ಯ ಶುರುವಾದಾಗ ಅಪ್ಪ ಅಮ್ಮಂದಿರ ನಿದ್ದೆ ಕೆಟ್ಟಿತು, ಪೊಲೀಸರು ಕೆರಳಿದರು. ಹುಡುಗರನ್ನು ರಸ್ತೆಯಿಂದ ಎಬ್ಬಿಸಿ ಸುರಕ್ಷಿತ ಓಟದ ಪಟ್ಟಿಗೆ ಕರೆದೊಯ್ಯಬೇಕೆಂದು ವಾಲಿ ಪಾರ್ಕ್ಸ್ ಎಂಬವರು 1951ರಲ್ಲಿ ರಾಷ್ಟ್ರೀಯ ಹಾಟ್ ರಾಡ್ ಸಂಘ ಸ್ಥಾಪಿಸಿದರು.

ಹಾಟ್ ರಾಡ್ ಕಟ್ಟುವವನ ಮುಂದೆ ಮೊದಲು ಬರುವ ಪ್ರಶ್ನೆ ಎಂಜಿನ್ನಿನದಾದರೆ, ಎರಡನೆಯದು ಟ್ಯಾಂಕಿನದು. ಮಾಡೆಲ್ ಎ ಮೈಯನ್ನೇ ತೆಗೆದುಕೊಳ್ಳಿ. ಮೊಣಕಾಲಿನ ಮೇಲಿನ ಆ ಟ್ಯಾಂಕು ಬೇಡವೆನ್ನಿಸುವುದು ಸಹಜ. ಕಾಲಿಗೆ ಜಾಗ ಬೇಕು, ವೈಪರು, ತಂತಿ, ಹೊಸ ಮೀಟರುಗಳಿಗೆ ಜಾಗ ಬೇಕು. ಆದರೆ ಟ್ಯಾಂಕು ಬಿಚ್ಚಿದರೆ ಕಾರಿನ ನೆತ್ತಿಯೇ ಬಂದಂತೆ, ಮೈಯಲ್ಲಿ ದೊಡ್ಡ ತೂತು ಉಳಿಯುತ್ತದೆ. ಹೀಗಾಗಿ ಅನೇಕರು ಟ್ಯಾಂಕಿನ ಹೊಟ್ಟೆಯನ್ನು ಮಾತ್ರ ಕತ್ತರಿಸಿ ತೆಗೆದು, ಮೇಲ್ಮೈ ತಗಡನ್ನು ಉಳಿಸಿಕೊಂಡು, ಬಿರಡೆಯ ತೂತಿಗೆ ತೇಪೆ ಹಾಕುತ್ತಾರೆ. ಬೆಸುಗೆ ನುಣುಪಾಗಿ ಉಜ್ಜಿ ಬಣ್ಣ ಬಳಿದರೆ ಅಲ್ಲೊಂದು ಟ್ಯಾಂಕಿತ್ತೆಂದು ಯಾರಿಗೂ ಗೊತ್ತಾಗದು. ಟಿಂಕರಿಂಗ್ ಕೆಲಸದ ಅಂದವೇ ಅದು.

ಅಪಾಯವೂ ಅಲ್ಲಿಯೇ. ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕು ಹೆಚ್ಚು ಭಯಂಕರ ಎಂಬುದು ಮೇಲ್ನೋಟಕ್ಕೆ ನಂಬಲಾಗದ ಮಾತು. ಪೆಟ್ರೋಲಿನ ದ್ರವ ಉರಿಯುವುದಿಲ್ಲ, ಅದರ ಆವಿ ಉರಿಯುತ್ತದೆ. ಆ ಆವಿ ಗಾಳಿಯಲ್ಲಿ ನೂರಕ್ಕೆ ಸುಮಾರು 1.4ರಿಂದ 7.6ರ ಪ್ರಮಾಣದಲ್ಲಿ ಬೆರೆತಾಗ ಮಾತ್ರ ಕಿಡಿಗೆ ಸಿಡಿಯುತ್ತದೆ. ಅದಕ್ಕಿಂತ ಕಮ್ಮಿಯಾದರೆ ಉರಿಯಲು ಸರಕಿಲ್ಲ, ಹೆಚ್ಚಾದರೆ ಆಮ್ಲಜನಕ ಸಾಲದು. ಪೆಟ್ರೋಲಿರುವ ಟ್ಯಾಂಕಿನ ಒಳಗೆ ಸಾಮಾನ್ಯವಾಗಿ ಆವಿ ಮಿತಿಮೀರಿ ತುಂಬಿರುತ್ತದೆ. ಬರಿದಾದ ಟ್ಯಾಂಕಿನಲ್ಲಿ ಗಾಳಿಯೂ ಆವಿಯೂ ಹದವಾಗಿ ಬೆರೆಯಲು ಅವಕಾಶ ಸಿಗುತ್ತದೆ. ಲೆಕ್ಕ ಹಾಕಿ ನೋಡಿ: 38 ಲೀಟರಿನ ಟ್ಯಾಂಕಿನಲ್ಲಿ ಒಂದು ಚಹಾ ಚಮಚದಷ್ಟು, ಅಂದರೆ 5 ಮಿಲಿಲೀಟರ್ ಪೆಟ್ರೋಲು ಆವಿಯಾದರೆ ಸುಮಾರು ಒಂದು ಲೀಟರ್ ಆವಿ ಆಗುತ್ತದೆ. ಅದು ನೂರಕ್ಕೆ ಎರಡೂವರೆಯಷ್ಟು. ಸರಿಯಾಗಿ ಸಿಡಿಯುವ ಹದ. ಆ ಒಂದು ಚಮಚ ತಗಡಿನ ಮಡಿಕೆಯಲ್ಲೋ ತುಕ್ಕಿನ ಪದರದಲ್ಲೋ ವರ್ಷಗಟ್ಟಲೆ ಅಡಗಿರಬಹುದು. ವೆಲ್ಡಿಂಗ್ ಬಿಸಿಗೆ ಹೊರಬರುತ್ತದೆ. ನೀರು ಹಾಕಿ ನಾಲ್ಕು ಸಲ ಕುಲುಕಿದರೆ ಸಾಲದು. ತಿಳಿದವರು ಮಾರ್ಜಕ ಹಾಕಿ ತೊಳೆದು, ಹಬೆ ಹಾಯಿಸಿ, ಕಿಡಿ ಹತ್ತದ ಅನಿಲವನ್ನೋ ನೀರನ್ನೋ ಒಳಗೆ ತುಂಬಿ, ಬೆಸೆಯುವ ಜಾಗದಲ್ಲಿ ಮಾತ್ರ ಎಡೆ ಬಿಟ್ಟು ಕೆಲಸ ಮಾಡುತ್ತಾರೆ. ನಮ್ಮ ಬೀದಿಬದಿಯ ಗ್ಯಾರೇಜುಗಳಲ್ಲಿ ಬೈಕಿನ ಸೋರುವ ಟ್ಯಾಂಕಿಗೆ ಗ್ಯಾಸ್ ವೆಲ್ಡಿಂಗ್ ಮಾಡುವಾಗ ಎದುರಿಗೆ ಬಗ್ಗಿ ನಿಂತು ನೋಡುವ ಹುಡುಗರಿಗೆ ಈ ಚಮಚದ ಲೆಕ್ಕವನ್ನು ಮನೆಯಲ್ಲಿ ಯಾರಾದರೂ ಹೇಳಿಕೊಟ್ಟರೆ ಒಳ್ಳೆಯದು.

ಸರಿ, ಹಳೆಯ ಟ್ಯಾಂಕು ಹೋಯಿತು. ಹೊಸದನ್ನು ಎಲ್ಲಿಡುವುದು? ನೆಲದ ಕೆಳಗೆ ಇಡೋಣವೆಂದರೆ ಹಾಟ್ ರಾಡ್ ಹುಡುಗರು ಅಲ್ಲಿ ಜಾಗವನ್ನೇ ಉಳಿಸಿರುವುದಿಲ್ಲ. ಕಾರು ತಗ್ಗಾಗಿ ಕಾಣಲೆಂದು ಮೈಯ ನೆಲವನ್ನು ಕತ್ತರಿಸಿ, ಇಡೀ ಮೈಯನ್ನು ಚಾಸಿಸ್ ಕಂಬಿಗಳ ಅಕ್ಕಪಕ್ಕಕ್ಕೆ ಕೆಳಗಿಳಿಸಿರುತ್ತಾರೆ. ಉಳಿಯುವುದು ಡಿಕ್ಕಿ. ಬಹಳ ಜನ ಅಲ್ಲಿಯೇ ಇಡುತ್ತಾರೆ. ಆದರೆ ಪೆಟ್ರೋಲಿನ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಡಿಕ್ಕಿಯಲ್ಲಿ ಸೋರಿದರೆ ಮೇಲೆ ಹಾರಿಹೋಗುವ ಬದಲು ನೆಲಕ್ಕೆ ಅಂಟಿ ಸೀಟಿನ ಕಡೆಗೆ ಹರಿದು ಬರುತ್ತದೆ. ಹಳೆಯ ಕಾರುಗಳಲ್ಲಿ ಡಿಕ್ಕಿಗೂ ಸೀಟಿಗೂ ನಡುವೆ ಎಷ್ಟೋ ಸಲ ಒಂದು ರಟ್ಟು ಮಾತ್ರ. ಅದಕ್ಕೇ ಓಟದ ನಿಯಮಗಳು ಟ್ಯಾಂಕಿಗೂ ಚಾಲಕನಿಗೂ ನಡುವೆ ಲೋಹದ ಗೋಡೆ ಇರಲೇಬೇಕು, ಟ್ಯಾಂಕಿನ ಉಸಿರುಕೊಳವೆ ಕಾರಿನ ಹೊರಗೆ ಬಾಯಿ ತೆರೆಯಬೇಕು ಎನ್ನುತ್ತವೆ. ಉಸಿರುಕೊಳವೆ ಮುಚ್ಚುವಂತೆಯೂ ಇಲ್ಲ. ಮುಚ್ಚಿದರೆ ಪೆಟ್ರೋಲು ಖರ್ಚಾದಷ್ಟೂ ಒಳಗೆ ಒತ್ತಡ ತಗ್ಗಿ, ಪಂಪು ಎಳೆದರೂ ಪೆಟ್ರೋಲು ಬಾರದು.

1932ರ ಮಾದರಿಯಂತೆ ಹಿಂತುದಿಯಲ್ಲಿಟ್ಟರೆ? ನೋಡಲು ಚೆಂದ, ನನಗೂ ಅದೇ ಇಷ್ಟ. ಆದರೆ ಹಿಂದಿನಿಂದ ಯಾರಾದರೂ ಗುದ್ದಿದರೆ ಮೊದಲು ಸಿಗುವುದು ಟ್ಯಾಂಕೇ. ಇದರ ಬೆಲೆ ಏನೆಂದು ಅಮೆರಿಕ ಅರಿತದ್ದು 1970ರ ದಶಕದಲ್ಲಿ, 'ಪಿಂಟೊ' ಎಂಬ ಸಣ್ಣ ಕಾರಿನಿಂದ. ಹಿಂದಿನ ಅಚ್ಚಿಗೂ ಬಂಪರಿಗೂ ನಡುವೆ ಸಿಕ್ಕಿಕೊಂಡಿದ್ದ ಅದರ ಟ್ಯಾಂಕು ಗುದ್ದಿದಾಗ ಮುಂದಕ್ಕೆ ಒತ್ತಿ, ಅಚ್ಚಿನ ಬೋಲ್ಟುಗಳಿಗೆ ತಗುಲಿ ಒಡೆಯುವ ಸಂಭವವಿತ್ತು. ಸಾವುಗಳಾದವು, ಮೊಕದ್ದಮೆಗಳಾದವು. 1978ರಲ್ಲಿ ಫೋರ್ಡ್ ಕಂಪನಿ ಸುಮಾರು 15 ಲಕ್ಷ ಕಾರುಗಳನ್ನು ದುರಸ್ತಿಗೆ ವಾಪಸು ಕರೆಯಬೇಕಾಯಿತು. ಹಾಕಿದ ಮದ್ದು ಮುಖ್ಯವಾಗಿ ಒಂದು ಪ್ಲಾಸ್ಟಿಕ್ ಗುರಾಣಿ ಮತ್ತು ತುಸು ಉದ್ದನೆಯ ತುಂಬುಕೊಳವೆ. ಈಗಿನ ಹೆಚ್ಚಿನ ಕಾರುಗಳಲ್ಲಿ ಟ್ಯಾಂಕು ಹಿಂದಿನ ಅಚ್ಚಿನ ಮುಂದೆ, ಹಿಂದಿನ ಸೀಟಿನ ಕೆಳಗೆ ಇರುತ್ತದೆ. ಅಂದರೆ ಸುತ್ತಿ ಬಳಸಿ ಮತ್ತೆ ಸೀಟಿನ ಕೆಳಗೇ ಬಂತು! ವಿದ್ಯುತ್ ಪಂಪು ಟ್ಯಾಂಕಿನೊಳಗೇ ಕೂತಿರುವುದರಿಂದ ಈಗ ರಿವರ್ಸಿನಲ್ಲಿ ಗುಡ್ಡ ಹತ್ತಬೇಕಿಲ್ಲ, ಅಷ್ಟೇ.

ಇನ್ನು ಗೆರೆಯಿಂದ ಗೆರೆಗೆ ಕಾಲು ಮೈಲಿ ನೆಗೆಯುವ ಡ್ರ್ಯಾಗ್ ಓಟದವರು. ಅವರು ಪುಟ್ಟ ಅಲ್ಯೂಮಿನಿಯಂ ಟ್ಯಾಂಕನ್ನು ರೇಡಿಯೇಟರಿನ ಮುಂದೆ, ಕಾರಿನ ಮೂಗಿಗೆ ಕಟ್ಟುತ್ತಾರೆ. ಕ್ಯಾಲಿಫೋರ್ನಿಯಾದ ಡೀನ್ ಮೂನ್ ಮಾಡುತ್ತಿದ್ದ ಟ್ಯಾಂಕುಗಳು ಈ ಪೈಕಿ ಪ್ರಸಿದ್ಧ. ಇದರಲ್ಲಿ ಪಿಯುಸಿಯ ಭೌತವಿಜ್ಞಾನ ಅಡಗಿದೆ. ಬಸ್ಸು ತಟ್ಟನೆ ಹೊರಟಾಗ ನಿಂತವರು ಹಿಂದಕ್ಕೆ ವಾಲುವಂತೆ ಕೊಳವೆಯೊಳಗಿನ ಪೆಟ್ರೋಲೂ ಹಿಂದಕ್ಕೇ ಒತ್ತುತ್ತದೆ. ಟ್ಯಾಂಕು ಹಿಂದಿದ್ದು ಕೊಳವೆ ಎರಡೂವರೆ ಮೀಟರಿದ್ದರೆ, ಗುರುತ್ವದ ಅರ್ಧದಷ್ಟು ವೇಗೋತ್ಕರ್ಷದಲ್ಲಿ ಪಂಪಿಗೆ ಎದುರಾಗುವ ಒತ್ತಡ ವಾತಾವರಣದ ಹತ್ತರಲ್ಲೊಂದು ಭಾಗಕ್ಕೆ ಹತ್ತಿರ. ಹಳೆಯ ಪಂಪುಗಳ ಶಕ್ತಿ ಅದರ ಎರಡು ಮೂರು ಪಟ್ಟಿಗಿಂತ ಹೆಚ್ಚಿರುತ್ತಿರಲಿಲ್ಲ. ಟ್ಯಾಂಕು ಮೂಗಿನಲ್ಲಿದ್ದರೆ ಅದೇ ಒತ್ತಡ ಎದುರಾಗುವ ಬದಲು ನೆರವಾಗುತ್ತದೆ. ಎದುರಿಗೆ ಬೇರೆ ವಾಹನ ಬಾರದ ಓಟದ ಪಟ್ಟಿಗೆ ಇದು ಸರಿ, ಊರಿನ ರಸ್ತೆಗಲ್ಲ. ನಮ್ಮಲ್ಲಂತೂ ನೋಂದಣಿಯಾದ ವಾಹನದ ಮೂಲ ಸ್ವರೂಪವನ್ನು ಮನಸ್ಸಿಗೆ ಬಂದಂತೆ ಬದಲಿಸುವುದಕ್ಕೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಅಡ್ಡ ನಿಂತಿದೆ.

ಟ್ಯಾಂಕಿಗೆ ಜಾಗ ಹುಡುಕುವ ಈ ತಲೆನೋವನ್ನು ತಲೆಕೆಳಗು ಮಾಡಿದವನು ಬಿಲ್ ಬರ್ಕ್. ಎರಡನೇ ಮಹಾಯುದ್ಧದಲ್ಲಿ ಪೆಸಿಫಿಕ್ ಕಡೆ ಸೇವೆಯಲ್ಲಿದ್ದಾಗ ಅವನ ಕಣ್ಣಿಗೆ ಯುದ್ಧವಿಮಾನಗಳ ಹೆಚ್ಚುವರಿ ಪೆಟ್ರೋಲು ಟ್ಯಾಂಕುಗಳು ಬಿದ್ದವು. ವಿಮಾನಕ್ಕೆ ಹೊರಗಿನಿಂದ ತೂಗುಬಿಟ್ಟು, ಬರಿದಾದ ಮೇಲೆ ಆಕಾಶದಲ್ಲೇ ಬಿಸಾಡುವಂಥವು. ಗಾಳಿ ಸೀಳಲೆಂದೇ ರೂಪಿಸಿದ ಹನಿಯ ಆಕಾರ. ಯುದ್ಧ ಮುಗಿದಾಗ ಅವು ಮಿಕ್ಕ ಸಾಮಾನಾಗಿ ಅಗ್ಗಕ್ಕೆ ಸಿಕ್ಕವು. 1946ರಲ್ಲಿ ಬರ್ಕ್ ಮಸ್ಟಾಂಗ್ ವಿಮಾನದ ಸಣ್ಣ ಟ್ಯಾಂಕೊಂದಕ್ಕೆ ಚಕ್ರ ಜೋಡಿಸಿದ. ಅದು ಇಕ್ಕಟ್ಟಾಯಿತು. ಮುಂದೆ ಪಿ-38 ವಿಮಾನದ, ಸುಮಾರು 1,200 ಲೀಟರ್ ಹಿಡಿಯುವ ಟ್ಯಾಂಕು ತಂದು, ಮುಂದೆ ತಾನು ಕೂತು ಬೆನ್ನ ಹಿಂದೆ ಎಂಜಿನ್ ಇಟ್ಟುಕೊಂಡ. ಟ್ಯಾಂಕೇ ಕಾರಿನ ಮೈ! ಅವನನ್ನು ನೋಡಿ ಉಳಿದವರೂ ಹಾಗೆಯೇ ಕಟ್ಟಿದರು. ಆ ಬಗೆಯ ಕಾರುಗಳು ಯೂಟಾ ರಾಜ್ಯದ ಬಾನ್ವಿಲ್ ಉಪ್ಪಿನ ಬಯಲಲ್ಲಿ ಈಗಲೂ ಓಡುತ್ತವೆ. ಒಳಗೆ ಮನುಷ್ಯ, ಎಂಜಿನ್ನು, ಗೇರುಪೆಟ್ಟಿಗೆ ಎಲ್ಲ ತುಂಬಿದ ಮೇಲೆ ಪೆಟ್ರೋಲಿಗೆ ಉಳಿಯುವುದು ಮೂಲೆಯಲ್ಲಿ ಒಂದು ಪುಟ್ಟ ಡಬ್ಬಿಯಷ್ಟು ಜಾಗ.