ದೈವದ ಅನುಕರಣೆ: ಜಗಳದಲ್ಲಿ ಕಾಣದವರು

2022ರಲ್ಲಿ ‘ಕಾಂತಾರ’ ಬಂದಮೇಲೆ ಶುರುವಾದ ಜಗಳ ಇನ್ನೂ ಮುಗಿದಿಲ್ಲ. ಯಾವುದೋ ವೇದಿಕೆಯಲ್ಲಿ ಯಾರೋ ಮುಖಕ್ಕೆ ಬಣ್ಣ ಬಳಿದುಕೊಂಡು ಕೂಗಿದರೆ ಸಾಕು, ತುಳುನಾಡಿನಲ್ಲಿ ಆಕ್ಷೇಪ ಏಳುತ್ತದೆ. 2025ರ ನವೆಂಬರ್‌ನಲ್ಲಿ ಗೋವಾ ಚಲನಚಿತ್ರೋತ್ಸವದಲ್ಲಿ ದೈವವನ್ನು ಅನುಕರಿಸಿದ ರಣವೀರ್ ಸಿಂಗ್ ಆಮೇಲೆ ಕ್ಷಮೆ ಕೇಳಬೇಕಾಯಿತು. ಇದು ಆರಾಧನೆ, ಪ್ರದರ್ಶನವಲ್ಲ ಅಂತ ಒಂದು ಕಡೆ. ಕಲೆಗೆ ಬೇಲಿ ಹಾಕಬೇಡಿ ಅಂತ ಇನ್ನೊಂದು ಕಡೆ.

ನನಗೆ ಎರಡೂ ಪೂರ್ತಿ ಒಪ್ಪಿಗೆಯಾಗುವುದಿಲ್ಲ. ನೇಮದಲ್ಲಿ ಕಲೆ ಇಲ್ಲ ಅನ್ನೋದು ಹೇಗೆ? ಅರದಾಳದ ಬಣ್ಣ, ತೆಂಗಿನ ಎಳೆಗರಿಯ ಸಿರಿ, ಬೆನ್ನಿಗೆ ಕಟ್ಟುವ ಅಣಿ, ಎಲ್ಲವೂ ತಲೆಮಾರುಗಳಿಂದ ಕಲಿತ ವಿದ್ಯೆ. ಪಕ್ಕದಲ್ಲಿ ಮನೆಯ ಹೆಂಗಸರು ತೆಂಬರೆ ಬಾರಿಸುತ್ತಾ ಪಾಡ್ದನ ಹೇಳ್ತಾರೆ. ಆದರೆ ಕಾಲಿಗೆ ಗಗ್ಗರ ಏರಿ ದೈವ ಮೈಮೇಲೆ ಬಂತೆಂದರೆ ಅವರಾಡುವ ಮಾತು ಬರೀ ಮಾತಲ್ಲ, ನುಡಿ. ಜಾಗದ ತಕರಾರು, ಅಣ್ಣತಮ್ಮಂದಿರ ಪಾಲು, ವರ್ಷಗಟ್ಟಲೆ ಮಾತು ಬಿಟ್ಟ ಮನೆಗಳ ಸಿಟ್ಟು ಎಲ್ಲವೂ ಅದರ ಮುಂದೆ ಬರುತ್ತವೆ. ಗುತ್ತಿನ ಯಜಮಾನನೂ ಕೈಮುಗಿದು ಉತ್ತರ ಕೊಡಬೇಕು. ವೇದಿಕೆಯ ಮೇಲೆ ಕೂಗಿದವನ ಮಾತಿಗೆ ಯಾರು ಬದ್ಧರು?

ಪಶ್ಚಿಮದ ಪರ್ಫಾರ್ಮೆನ್ಸ್ ಆರ್ಟ್ ಕೂಡ ಇಂಥದ್ದನ್ನು ಎರವಲು ತಂದಿದೆ. ದೇವತೆ, ಪ್ರೇತಗಳ ಜತೆ ಮಾತಾಡಿ ಜನರ ಕಾಯಿಲೆ ಕಷ್ಟ ನೋಡುವವರನ್ನು ಸೈಬೀರಿಯಾ ಕಡೆ ಶಾಮನ್ ಅಂತಾರೆ. ಜರ್ಮನಿಯ ಕಲಾವಿದ ಜೋಸೆಫ್ ಬಾಯ್ಸ್ ಅವರನ್ನೂ ಶಾಮನ್ ಅಂತಲೇ ಕರೆದವರಿದ್ದಾರೆ. 1974ರಲ್ಲಿ ಅವರು ನ್ಯೂಯಾರ್ಕಿನ ಗ್ಯಾಲರಿಯೊಂದರಲ್ಲಿ ಕಂಬಳಿ ಹೊದ್ದು, ಕೋಲು ಹಿಡಿದು, ತೋಳದ ಜಾತಿಯ ಕಯೋಟಿಯೊಂದರ ಜತೆ ಮೂರು ದಿನ ಕಳೆದರು. ದೊಡ್ಡ ಕೃತಿ, ಒಪ್ಪುತ್ತೇನೆ. ಆದರೆ ಅವರ ಮುಂದೆ ದೂರು ಹಿಡಿದು ನಿಂತ ಊರು ಇರಲಿಲ್ಲ. ನೋಡಲು ಬಂದವರಿದ್ದರು, ಅಷ್ಟೆ.

ಊರಿನ ದೂರು ಕೇಳುವ ದೈವಕ್ಕೆ ಮೈಕೊಡುವವರು ಪಂಬದರು, ಪರವರು, ನಲಿಕೆಯವರು. ಜಾತಿಯ ಏಣಿಯಲ್ಲಿ ಕೆಳಗೆ ಕೂರಿಸಲ್ಪಟ್ಟವರು. ರಾತ್ರಿ ಯಜಮಾನನನ್ನೇ ಕರೆದು ತಪ್ಪು ತೋರಿಸಿದವರಿಗೆ, ಬೆಳಗಾದಮೇಲೆ ಅದೇ ಮನೆಯ ಜಗಲಿ ಹತ್ತಿ ಕೂರುವ ಸಲುಗೆ ಎಷ್ಟು ಕಡೆ ಇದೆ? ದೈವಕ್ಕೆ ಅವಮಾನವಾಯಿತು ಅಂತ ಠಾಣೆಗೆ ಹೋಗುವವರು ಈ ಅವಮಾನವನ್ನು ಲೆಕ್ಕಕ್ಕೇ ತಗೊಳ್ಳಲ್ಲ.

ಸಿನಿಮಾ ಬಿಡುಗಡೆಯಾದ ತಿಂಗಳೊಳಗೇ ರಾಜ್ಯ ಸರ್ಕಾರ 60 ದಾಟಿದ ದೈವ ನರ್ತಕರಿಗೆ ತಿಂಗಳಿಗೆ 2,000 ರೂಪಾಯಿ ಮಾಸಾಶನ ಘೋಷಿಸಿತು. ಒಳ್ಳೆಯದೇ. ಆದರೆ ರಾತ್ರಿಯಿಡೀ ಅಣಿ ಹೊತ್ತು ಕುಣಿಯುವ ಮೈ 60ರವರೆಗೆ ಕಾಯುತ್ತದೆಯೇ? ಮೇ ಕೊನೆಯ ಪತ್ತನಾಜೆಗೆ ಗಗ್ಗರ ಬಿಚ್ಚಿಟ್ಟರೆ ಮತ್ತೆ ಕಟ್ಟುವುದು ಸಾಮಾನ್ಯವಾಗಿ ದೀಪಾವಳಿಯ ನಂತರ. ನಡುವಿನ ಮಳೆಗಾಲದಲ್ಲಿ ನಲವತ್ತರ ಪ್ರಾಯದವರ ಮನೆ ಹೇಗೆ ನಡೆಯುತ್ತದೆ ಎಂಬ ಪ್ರಶ್ನೆ, ನಾನು ಗಮನಿಸಿದಂತೆ, ಈ ಯಾವ ಟಿವಿ ಚರ್ಚೆಯಲ್ಲೂ ಬಂದಿಲ್ಲ.