ಬೂಸ್ಟರ್ ಆಮೇಲೆ, ಮೊದಲು ಆಂಟೆನಾ ಸರಿಸೋಣ

ನಮ್ಮ ಕಾಲೇಜಿನ ಗ್ರಂಥಾಲಯದ ಮೂಲೆಯಲ್ಲಿ ನಾಲ್ಕು ಕಂಪ್ಯೂಟರ್‌ಗಳಿವೆ. ಅವುಗಳ ಬಗ್ಗೆ ಎಲ್ಲರೂ ಹೇಳುವುದು ಒಂದೇ ಮಾತು: "ಅಲ್ಲಿ ನೆಟ್ ಬರಲ್ಲ." ಕಾರಿಡಾರಿನಲ್ಲಿರುವ ರೂಟರ್‌ಗೂ ಆ ಮೂಲೆಗೂ ಇರುವ ದೂರ ಹೆಚ್ಚೆಂದರೆ ಹದಿನೈದು ಹೆಜ್ಜೆ. ಈಗ ತರಗತಿಗಳಲ್ಲಿ ಹಣ ಕೂಡಿಸಿ ದೊಡ್ಡ ರೂಟರ್ ಅಥವಾ ಬೂಸ್ಟರ್ ತರೋಣ ಎಂಬ ಮಾತು ನಡೆದಿದೆ. ನನ್ನ ಅಭಿಪ್ರಾಯ ಬೇರೆ. ಆ ಕಂಪ್ಯೂಟರ್‌ಗಳ ಆಂಟೆನಾಗಳನ್ನು ಸರಿಯಾದ ಜಾಗಕ್ಕೆ ತರುವ ಮೊದಲು ಒಂದು ರೂಪಾಯಿಯನ್ನೂ ಖರ್ಚು ಮಾಡಬಾರದು. ನಾನು ಇದನ್ನು ಪುಸ್ತಕದಿಂದ ಕಲಿತದ್ದಲ್ಲ, ನಮ್ಮ ಮನೆಯಲ್ಲಿ ಪೆಟ್ಟು ತಿಂದು ಕಲಿತದ್ದು.

ಅಬ್ಬಾ ಎರಡು ವರ್ಷದ ಹಿಂದೆ ಒಂದು ಹಳೆಯ ಕಂಪ್ಯೂಟರ್ ತಂದರು. ಅದರಲ್ಲಿ ಒಂದೇ ಆಂಟೆನಾದ ವೈರ್‌ಲೆಸ್ ಕಾರ್ಡ್ ಇತ್ತು. ನೆಟ್ ಮಾತ್ರ ಮೇಲಿನ ಮನೆಯ ಚಾಚಾ ಅವರದು. ಬಿಲ್ಲಿನಲ್ಲಿ ಅರ್ಧ ನಾವು ಕೊಡುತ್ತೇವೆ. ಬಾಡಿಗೆ ಮನೆಯಾದ್ದರಿಂದ ಗೋಡೆ ಕೊರೆದು ತಂತಿ ಎಳೆಯುವಂತಿಲ್ಲ. ಸಿಪಿಯು ಮೇಜಿನ ಕೆಳಗೆ, ಅದರ ಬೆನ್ನಿಗೆ ಗೋಡೆ, ಪಕ್ಕದಲ್ಲಿ ಅಮ್ಮಿಯ ಸ್ಟೀಲ್ ಬೀರು. ಬೆರಳುದ್ದದ ಆಂಟೆನಾ ಇವುಗಳ ನಡುವೆ ಸಿಕ್ಕಿಕೊಂಡಿತ್ತು.

ಕಳೆದ ವರ್ಷ ಆಪಾಳ ಸ್ಕಾಲರ್‌ಶಿಪ್ ಅರ್ಜಿಯ ಕೊನೆಯ ದಿನ. ಪುಟ ತೆರೆಯುತ್ತಿತ್ತು, ಅಂಕಪಟ್ಟಿ ಹಾಕುವಾಗ ನಿಲ್ಲುತ್ತಿತ್ತು. ಒಟಿಪಿ ಬರುತ್ತಿತ್ತು, ಅದನ್ನು ತುಂಬುವಷ್ಟರಲ್ಲಿ ಅವಧಿ ಮುಗಿಯುತ್ತಿತ್ತು. ರಾತ್ರಿ ಒಂಬತ್ತಕ್ಕೆ ಅಬ್ಬಾ ಅವಳನ್ನು ಕರೆದುಕೊಂಡು ಸೈಬರ್ ಸೆಂಟರ್‌ಗೆ ಓಡಿದರು. ಬಾಗಿಲು ಹಾಕಿತ್ತು. ಕೊನೆಯ ದಿನದವರೆಗೆ ಬಿಟ್ಟದ್ದು ನಮ್ಮ ತಪ್ಪೇ, ಒಪ್ಪುತ್ತೇನೆ. ಆದರೆ ಆ ವರ್ಷದ ಫೀಸನ್ನು ಅಬ್ಬಾ ಸಾಲ ಮಾಡಿ ಕಟ್ಟಿದರು. ಆಪಾ ಅದರ ಬಗ್ಗೆ ಇವತ್ತಿಗೂ ಮಾತಾಡುವುದಿಲ್ಲ.

ಆಮೇಲೆ ನಾನು ನನ್ನ ಈದಿಯ ಹಣದಲ್ಲಿ ಆರುನೂರ ಐವತ್ತು ರೂಪಾಯಿ ಕೊಟ್ಟು ಒಂದು ಉದ್ದನೆಯ ಆಂಟೆನಾ ತಂದೆ. ಜೊತೆಗೆ ಒಂದು ಮೀಟರ್ ತಂತಿ ಇರುವ ಸ್ಟ್ಯಾಂಡ್ ಇತ್ತು. "ಒಂಬತ್ತು ಡಿಬಿ, ಹಾಕಿ ನೋಡು" ಎಂದರು ಅಂಗಡಿಯವರು. ಮೇಜಿನ ಮೇಲೆ ನೆಟ್ಟಗೆ ನಿಲ್ಲಿಸಿದೆ. ಸಿಗ್ನಲ್ ಹೆಚ್ಚುವ ಬದಲು ಇನ್ನೂ ಕಡಿಮೆಯಾಯಿತು!

ಯಾಕೆ ಎಂದು ತಿಳಿಯಲು ನಮ್ಮ ಭೌತಶಾಸ್ತ್ರದ ಸರ್ ಬಳಿ ಹೋದೆ. ಅವರು ರೊಟ್ಟಿಯ ಲೆಕ್ಕದಲ್ಲಿ ಹೇಳಿದರು. ಆಂಟೆನಾ ಹೊಸದಾಗಿ ಶಕ್ತಿ ಹುಟ್ಟಿಸುವುದಿಲ್ಲ. ಕಾರ್ಡ್ ಕೊಡುವ ಹಿಟ್ಟಿನ ಉಂಡೆ ಅಷ್ಟೇ. ತಟ್ಟಿದಷ್ಟೂ ರೊಟ್ಟಿ ಅಗಲವಾಗುತ್ತದೆ, ಆದರೆ ದಪ್ಪ ಇಳಿಯುತ್ತದೆ. ನೆಟ್ಟಗೆ ನಿಂತ ಕಡ್ಡಿ ಆಂಟೆನಾದಲ್ಲಿ ಗೇನ್ ಹೆಚ್ಚಿದಷ್ಟೂ ಅಲೆ ಸುತ್ತಲೂ ಅಡ್ಡಕ್ಕೆ ದೂರ ಹೋಗುತ್ತದೆ; ನೇರ ಮೇಲಕ್ಕೂ ಕೆಳಕ್ಕೂ ಕಡಿಮೆಯಾಗುತ್ತದೆ. ಚಾಚಾ ಅವರ ರೂಟರ್ ಇದ್ದದ್ದು ನಮ್ಮ ತಲೆಯ ಮೇಲೆಯೇ! ನಾನು ದುಡ್ಡು ಕೊಟ್ಟು ಬೀದಿಗೆ ಸಿಗ್ನಲ್ ಹಂಚುತ್ತಿದ್ದೆ.

ಮನೆಗೆ ಬಂದು ಉದ್ದ ಕಡ್ಡಿಯನ್ನು ತೆಗೆದು, ಅದೇ ಸ್ಟ್ಯಾಂಡಿಗೆ ಹಳೆಯ ಸಣ್ಣ ಆಂಟೆನಾವನ್ನು ತಿರುಗಿಸಿ, ಕಿಟಕಿಯ ಕಟ್ಟೆಯ ಮೇಲೆ ಅಡ್ಡಕ್ಕೆ ಬಾಗಿಸಿ ಇಟ್ಟೆ. ಒಂದು ಗೀಟು ಇದ್ದದ್ದು ಮೂರಾಯಿತು. ಈ ವರ್ಷ ಆಪಾಳ ಅರ್ಜಿ ಹತ್ತು ನಿಮಿಷದಲ್ಲಿ ಮುಗಿಯಿತು. ಕೆಲಸ ಮಾಡಿದ್ದು ದೊಡ್ಡ ಆಂಟೆನಾ ಅಲ್ಲ, ಆ ಒಂದು ಮೀಟರ್ ತಂತಿ.

ನಾವು ಕಾಮರ್ಸ್‌ನವರು ಇದನ್ನು ಜಮಾ-ಖರ್ಚಿನಂತೆ ನೋಡಬಹುದು. 3 ಡೆಸಿಬೆಲ್ ಗಳಿಸಿದರೆ ಶಕ್ತಿ ಎರಡರಷ್ಟು, 10 ಗಳಿಸಿದರೆ ಹತ್ತರಷ್ಟು. ತೆರೆದ ಬಯಲಿನಲ್ಲಿ ದೂರ ಎರಡರಷ್ಟಾದರೆ 6 ಡೆಸಿಬೆಲ್ ಖರ್ಚು. ಗೋಡೆ ಖರ್ಚು, ಸ್ಟೀಲ್ ಬೀರು ದೊಡ್ಡ ಖರ್ಚು, ತೆಳು ತಂತಿಯೂ ಖರ್ಚು. ಆದ್ದರಿಂದ ತಂತಿ ಬೇಕಾದಷ್ಟೇ ಇರಲಿ. ಐದು ಗಳಿಸುವ ಆಂಟೆನಾಕ್ಕೆ ಐದು ತಿನ್ನುವ ಉದ್ದ ತಂತಿ ಹಾಕಿದರೆ ಉಳಿತಾಯ ಸೊನ್ನೆ.

ಗ್ರಂಥಾಲಯಕ್ಕೆ ಬರೋಣ. ನಾನು ಹೋಗಿ ಬಗ್ಗಿ ನೋಡಿದ್ದೇನೆ. ನಾಲ್ಕೂ ಆಂಟೆನಾಗಳು ಮೇಜಿನ ಕೆಳಗೆ, ಸಿಪಿಯುವಿನ ತಗಡಿಗೂ ಗೋಡೆಗೂ ನಡುವೆ ಇವೆ. ಒಂದಂತೂ ಮುರಿದು ನೇತಾಡುತ್ತಿದೆ. 2.4 ಗಿಗಾಹರ್ಟ್ಸ್ ಅಲೆಯ ಉದ್ದ ಸುಮಾರು 12.5 ಸೆಂಟಿಮೀಟರ್. ತಗಡಿಗೆ, ಗೋಡೆಗೆ ಬಡಿದು ಮರಳಿದ ಅಲೆಗಳು ಕೆಲವು ಜಾಗಗಳಲ್ಲಿ ಒಂದನ್ನೊಂದು ಅಳಿಸುತ್ತವೆ. ಹಾಗಾಗಿ ಒಂದು ಗೇಣು ಸರಿಸಿದರೂ ವ್ಯತ್ಯಾಸ ಕಾಣುತ್ತದೆ. ದೊಡ್ಡ ರೂಟರ್ ತಂದರೆ ಅದು ಜೋರಾಗಿ ಕೂಗಬಹುದು, ಆದರೆ ತಗಡಿನ ಹಿಂದಿನ ಕಾರ್ಡಿನ ಉತ್ತರ ಅದಕ್ಕೆ ಕೇಳಿಸಬೇಕಲ್ಲ? ಆಂಟೆನಾ ಸರಿಯಾದ ಜಾಗದಲ್ಲಿದ್ದರೆ ಕೇಳುವುದೂ ಹೇಳುವುದೂ ಎರಡೂ ಸುಧಾರಿಸುತ್ತವೆ.

"ಮೊಬೈಲ್ ಹಾಟ್‌ಸ್ಪಾಟ್ ಇದೆಯಲ್ಲ" ಎಂದು ಗೆಳೆಯರು ಹೇಳುತ್ತಾರೆ. ಎಲ್ಲರ ಕೈಯಲ್ಲೂ ಮೊಬೈಲ್ ಇಲ್ಲ. ಇದ್ದವರ ಡೇಟಾ ಮಧ್ಯಾಹ್ನಕ್ಕೆ ಮುಗಿದಿರುತ್ತದೆ. ಸಂಜೆ ಸೈಬರ್‌ಗೆ ಹೋಗಲು ಮನೆಯವರು ಬಿಡದ ಹುಡುಗಿಯರಿಗೆ ಈ ನಾಲ್ಕು ಕಂಪ್ಯೂಟರ್‌ಗಳೇ ದಾರಿ. "ತಂತಿಯನ್ನೇ ಎಳೆಯೋಣ" ಎನ್ನುವವರ ಮಾತು ಸರಿ. ತಂತಿಗಿಂತ ಉತ್ತಮ ಯಾವುದೂ ಇಲ್ಲ. ಆದರೆ ಅದಕ್ಕೆ ಮಂಜೂರಾತಿ ಬೇಕು, ಸಮಯ ಬೇಕು. ಸ್ಕಾಲರ್‌ಶಿಪ್ಪಿನ ಕೊನೆಯ ದಿನಾಂಕ ಕಾಯುವುದಿಲ್ಲ.

ಎರಡು ಎಚ್ಚರಿಕೆಗಳನ್ನೂ ಹೇಳಬೇಕು. ಕಾರ್ಡಿನ ಕಡೆ ಪಿನ್ ಇದ್ದರೆ ಆಂಟೆನಾದ ಕಡೆ ತೂತು ಇರಬೇಕು. ನೋಡದೆ ತಂದರೆ ತಿರುಪು ಕೂತರೂ ಪಿನ್ನಿಗೆ ಪಿನ್ ತಾಗಿ ಕೆಡುತ್ತದೆ. ಇನ್ನೊಂದು, ನಮ್ಮ ದೇಶದಲ್ಲಿ 2.4 ಗಿಗಾಹರ್ಟ್ಸ್ ವೈಫೈಗೆ ಲೈಸೆನ್ಸ್ ಬೇಡವೆಂದು 2005ರ ನಿಯಮ ಹೇಳುತ್ತದೆ, ಆದರೆ ಆಂಟೆನಾದ ಗೇನ್ ಸೇರಿಸಿ 4 ವ್ಯಾಟ್‌ನ ಮಿತಿಯೊಳಗೆ ಇರಬೇಕು. ದೊಡ್ಡ ಆಂಟೆನಾ ಸಿಕ್ಕಿತೆಂದು ಪಕ್ಕದ ಕಟ್ಟಡದ ನೆಟ್ಟನ್ನು ಕೇಳದೆ ಎಳೆದುಕೊಳ್ಳುವುದು ಜಾಣತನವಲ್ಲ. ಅದು ಇನ್ನೊಬ್ಬರ ಹಕ್ಕು.

ನನ್ನ ಸಲಹೆ ಇಷ್ಟೇ. ಒಂದು ಶನಿವಾರ ಮಧ್ಯಾಹ್ನ, ಲ್ಯಾಬ್ ಸರ್ ಅವರ ಅನುಮತಿ ಪಡೆದು, ಕಂಪ್ಯೂಟರ್‌ಗಳನ್ನು ಆಫ್ ಮಾಡಿ, ನಾಲ್ಕಕ್ಕೂ ಒಂದು ಮೀಟರ್ ತಂತಿಯ ಸ್ಟ್ಯಾಂಡ್ ಹಾಕಿ ಆಂಟೆನಾಗಳನ್ನು ಮೇಜಿನ ಮೇಲೆ ತರೋಣ. ರೂಟರ್ ಅದೇ ಮಹಡಿಯಲ್ಲಿದೆ, ಆದ್ದರಿಂದ ಅಲ್ಲಿ ನೆಟ್ಟಗೆ ನಿಲ್ಲಿಸೋಣ. ಮೊದಲಿನ ವೇಗ, ನಂತರದ ವೇಗ ಎರಡನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದು ಸೂಚನಾ ಫಲಕದಲ್ಲಿ ಹಾಕೋಣ. ಸುಧಾರಿಸದಿದ್ದರೆ ಹೊಸ ರೂಟರ್‌ಗೆ ಮೊದಲ ಚಂದಾ ನನ್ನದು. ಮೊದಲ ಸ್ಟ್ಯಾಂಡ್ ಕೂಡ ನನ್ನದೇ. ಅದರೊಂದಿಗೆ ಬಂದ ಉದ್ದನೆಯ ಆಂಟೆನಾ ನಮ್ಮ ಮನೆಯಲ್ಲಿ ಖಾಲಿ ಬಿದ್ದಿದೆ, ಅದನ್ನೂ ತರುತ್ತೇನೆ. ನಮ್ಮ ಮನೆಗೆ ಹೊಂದದಿದ್ದರೂ, ಒಂದೇ ಮಹಡಿಯ ಗ್ರಂಥಾಲಯಕ್ಕೆ ಅದು ಹೊಂದಬಹುದು.