ಊರು ನಿಂತಿರುವುದು ಒಳಚರಂಡಿಯ ಮೇಲೆ

ಮಹಾನಗರ ಬದುಕಿರುವುದು ವ್ಯಾಪಾರದಿಂದ, ಉದ್ಯೋಗದಿಂದ ಎನ್ನುತ್ತೇವೆ. ಅದಕ್ಕೂ ಮೊದಲು ಅದು ಬದುಕಿರುವುದು ಒಳಚರಂಡಿಯಿಂದ. ಲಕ್ಷಾಂತರ ಜನರ ಮಲಮೂತ್ರ ಕುಡಿಯುವ ನೀರಿಗೆ ಸೇರಿತೆಂದರೆ ಯಾವ ಸಿರಿವಂತಿಕೆಯೂ ಊರನ್ನು ಕಾಯಲಾರದು.

ಲಂಡನ್ ಇದನ್ನು ಸಾವುನೋವಿನಿಂದಲೇ ಕಲಿಯಿತು. ಬ್ರಾಡ್ ಸ್ಟ್ರೀಟಿನ ಪಂಪಿನ ನೀರೇ ಕಾಲರಾ ಹರಡುತ್ತಿದೆಯೆಂದು ವೈದ್ಯ ಜಾನ್ ಸ್ನೋ 1854ರಲ್ಲೇ ತೋರಿಸಿಕೊಟ್ಟರೂ ಆಳುವವರು ಅಲುಗಲಿಲ್ಲ. 1858ರ ಬೇಸಿಗೆಯಲ್ಲಿ ಥೇಮ್ಸ್ ನದಿಯ ನಾತ ಪಾರ್ಲಿಮೆಂಟಿನೊಳಕ್ಕೇ ನುಗ್ಗಿತು. ಕಿಟಕಿಯ ಪರದೆಗಳನ್ನು ಬ್ಲೀಚಿಂಗ್ ಪುಡಿಯ ನೀರಿನಲ್ಲಿ ಅದ್ದಿ ತೂಗಿಹಾಕಿದರು. ವರ್ಷಗಟ್ಟಲೆ ನನೆಗುದಿಗೆ ಬಿದ್ದಿದ್ದ ಒಳಚರಂಡಿ ಯೋಜನೆಗೆ ಕೆಲವೇ ವಾರಗಳಲ್ಲಿ ಕಾನೂನಿನ ಬಲ ಬಂತು. ಎಂಜಿನಿಯರ್ ಜೋಸೆಫ್ ಬಜಾಲ್ಜೆಟ್ ನೆಲದಡಿ ಇಟ್ಟಿಗೆಯ ದೊಡ್ಡ ಚರಂಡಿಗಳನ್ನು ಕಟ್ಟಿಸಿ, ಕೊಳಚೆಯನ್ನು ಊರಾಚೆ ಪೂರ್ವಕ್ಕೆ ಹರಿಸಿದರು. ಈ ಕಥೆ ಸಾಮಾನ್ಯವಾಗಿ ಇಲ್ಲಿಗೆ ಮುಗಿಯುತ್ತದೆ. ಮುಗಿಯಬಾರದು. 1866ರಲ್ಲಿ ಕಾಲರಾ ಮತ್ತೆ ಬಂದಾಗ ಹೊಸ ಚರಂಡಿಯಿದ್ದ ಭಾಗಗಳು ಬಹುಮಟ್ಟಿಗೆ ಪಾರಾದವು. ಕಾಮಗಾರಿ ಇನ್ನೂ ಮುಗಿಯದ ಪೂರ್ವ ಲಂಡನ್ನಿನ ಬಡವರ ಕೇರಿಗಳಲ್ಲಿ ಸಾವಿರಾರು ಜನ ಸತ್ತರು. ಅರ್ಧ ಕಟ್ಟಿದ ಚರಂಡಿ ಯಾರನ್ನು ಕೈಬಿಡುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಬೆಂಗಳೂರಿಗೆ 1898ರ ಪ್ಲೇಗ್ ಇಂಥದೇ ಪೆಟ್ಟು ಕೊಟ್ಟಿತು. ಗಾಳಿ ಬೆಳಕಿನ ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಬೆಳೆದದ್ದು ಆ ಕಾಲದಲ್ಲಿ. ಮಲ್ಲೇಶ್ವರದ ಹಳೆಯ ಮನೆಗಳ ಹಿಂದೆ ಇಂದಿಗೂ ಕಿರಿದಾದ ಕನ್ಸರ್ವೆನ್ಸಿ ಗಲ್ಲಿಗಳಿವೆ. ಹಿತ್ತಲ ಪಾಯಿಖಾನೆಯ ಮಲವನ್ನು ಬಳಿದೊಯ್ಯುವವರು ಬಂದುಹೋಗುತ್ತಿದ್ದ ದಾರಿ ಅದು. ಮುಂಬಾಗಿಲ ಬೀದಿ ಅವರಿಗಿರಲಿಲ್ಲ. ಊರಿನ ಆರೋಗ್ಯವನ್ನು ಒಂದು ಜಾತಿಯವರ ತಲೆಯ ಮೇಲೆ ಹೊರಿಸಿ, ಅವರನ್ನು ಕಣ್ಣಿಂದ ಮರೆಮಾಡಿದ ನಕ್ಷೆ.

ಈಗ ಕೊಳವೆಗಳು ಬಂದಿವೆ, ಎಲ್ಲೆಡೆ ಅಲ್ಲ. ಕೊಳವೆಯಿಲ್ಲದ ಕಡೆ ಕೊಳಚೆ ರಾಜಕಾಲುವೆಗೆ ಬಿದ್ದು ಕೆರೆ ಸೇರುತ್ತದೆ. ಬೆಳ್ಳಂದೂರು ಕೆರೆಯ ನೊರೆ ರಸ್ತೆಗೆ ಹಾರಿತು. 2017ರ ಫೆಬ್ರುವರಿಯಲ್ಲಿ ಆ ಕೆರೆಯಲ್ಲೇ ಬೆಂಕಿ ಎದ್ದಿತು. ಕೊಳವೆ ಇದ್ದಲ್ಲಿಯೂ ಹೂಳು, ಪ್ಲಾಸ್ಟಿಕ್, ಬಟ್ಟೆ ಸೇರಿ ಕಟ್ಟಿಕೊಂಡರೆ ಮ್ಯಾನ್‌ಹೋಲ್ ಉಕ್ಕುತ್ತದೆ. ಜೆಟ್ಟಿಂಗ್ ಯಂತ್ರ ಬಾರದಿದ್ದಾಗ ಮನುಷ್ಯನನ್ನೇ ಇಳಿಸುತ್ತಾರೆ. ಒಳಗೆ ಮಡುಗಟ್ಟಿದ ವಿಷಾನಿಲ ಕ್ಷಣಮಾತ್ರದಲ್ಲಿ ಪ್ರಜ್ಞೆ ತಪ್ಪಿಸುತ್ತದೆ. ಎತ್ತಲು ಇಳಿದವನೂ ಎಷ್ಟೋ ಸಲ ಮೇಲೆ ಬರುವುದಿಲ್ಲ. ಮನುಷ್ಯನನ್ನು ಹೀಗೆ ಇಳಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ. ಸುಪ್ರೀಂ ಕೋರ್ಟ್ 2023ರಲ್ಲಿ ಇಂಥ ಸಾವಿನ ಪರಿಹಾರವನ್ನು 30 ಲಕ್ಷ ರೂಪಾಯಿಗೆ ಏರಿಸಿತು. ಪರಿಹಾರ ಏರುವುದಲ್ಲ, ಸಾವು ನಿಲ್ಲಬೇಕು. ಮನುಷ್ಯನನ್ನು ಗುಂಡಿಗಿಳಿಸಿ ನಡೆಸುವ ವ್ಯವಸ್ಥೆಯನ್ನು ನಾನು ವ್ಯವಸ್ಥೆ ಎಂದು ಒಪ್ಪಲಾರೆ.

ಮುಂದಿನ ಸಲ ನಿಮ್ಮ ವಾರ್ಡಿಗೆ ಮತ ಕೇಳಲು ಬಂದವರನ್ನು ಮೇಲ್ಸೇತುವೆಯ ಬಗ್ಗೆ ಆಮೇಲೆ ಕೇಳಿ. ಮೊದಲು ಇದನ್ನು ಕೇಳಿ: ನಮ್ಮ ಬೀದಿಯ ಕೊಳಚೆ ಎಲ್ಲಿಗೆ ಹೋಗುತ್ತದೆ, ಅದು ಕಟ್ಟಿಕೊಂಡಾಗ ಯಂತ್ರ ಬರುತ್ತದೆಯೋ ಮನುಷ್ಯನೋ?